ಕುಂಸಿಯ ಅದಿರು, ಪಿಟ್ಸ್‌ಬರ್ಗಿನ ಕುಲುಮೆ

ಶಿವಮೊಗ್ಗೆಯಿಂದ ಸಾಗರದ ದಾರಿ ಹಿಡಿದು ಸುಮಾರು ಹದಿನೈದು ಮೈಲಿ ಹೋದರೆ ನಮ್ಮ ಕುಂಸಿ ಸಿಗುತ್ತದೆ. ತಾಳಗುಪ್ಪದ ರೈಲು ಒಂದು ಗಳಿಗೆ ನಿಂತು ಮುಂದಕ್ಕೆ ಹೋಗುವ ಊರು. ಗದ್ದೆ, ತೋಟ, ಸುತ್ತಲೂ ಕಾಡು. ಇಂಥ ಊರಿಗೂ ಅಮೆರಿಕದ ಬ್ಯಾಂಕುಗಳಿಗೂ ಏನು ನಂಟು ಎಂದು ಕೇಳಿದರೆ ಯಾರಾದರೂ ನಕ್ಕಾರು. 2008ನೆಯ ಇಸವಿಯ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಲೀಮನ್ ಬ್ರದರ್ಸ್ ಎಂಬ ಸಂಸ್ಥೆ ದಿವಾಳಿ ಎದ್ದಿತು. ಆಮೇಲಿನ ತಿಂಗಳುಗಳಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬ ನನ್ನನ್ನು ಕೇಳಿಯೇಬಿಟ್ಟ: “ಅಲ್ಲಿ ಬ್ಯಾಂಕು ಮುಳುಗಿದರೆ ಇಲ್ಲಿ ನಮ್ಮಪ್ಪನ ಕೆಲಸಕ್ಕೆ ಯಾಕೆ ಕುತ್ತು, ಮೇಷ್ಟ್ರೇ?” ಅವನ ತಂದೆ ಬಳ್ಳಾರಿಯ ಕಡೆ ಅದಿರಿನ ಲಾರಿ ಓಡಿಸುತ್ತಿದ್ದವರು. ನಾನೋ ಕನ್ನಡ ಪಂಡಿತ. ಆ ಹೊತ್ತು ಷಟ್ಪದಿಯ ಲಕ್ಷಣ ಹೇಳುತ್ತಿದ್ದೆ. ನಾಳೆ ಹೇಳುತ್ತೇನಪ್ಪಾ ಎಂದು ಜಾರಿಕೊಂಡೆ. ಆ ನಾಳೆ ಬರುವುದಕ್ಕೆ ಬಹಳ ದಿನಗಳೇ ಹಿಡಿದವು. ಉತ್ತರ ಮಾತ್ರ ಎಲ್ಲೋ ದೂರದಲ್ಲಿ ಇರಲಿಲ್ಲ; ನಮ್ಮೂರಿನ ಮಣ್ಣಿನಲ್ಲೇ ಇತ್ತು.

ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಕುಂಸಿಯ ಸುತ್ತಿನ ಗುಡ್ಡಗಳಲ್ಲಿ ಮ್ಯಾಂಗನೀಸಿನ ಗಣಿಗಳು ತೆರೆದವು. ಅಲ್ಲಿ ಅಗೆಸಿದವರಲ್ಲಿ ಇಂಗ್ಲೆಂಡಿನ ವಾಯವ್ಯ ತೀರದ ವರ್ಕಿಂಗ್ಟನ್ ಊರಿನ ಕಬ್ಬಿಣದ ಕಂಪನಿಯೂ ಒಂದು. ರೈಲು ಆಗ ಶಿವಮೊಗ್ಗೆಗೇ ಕೊನೆಗೊಳ್ಳುತ್ತಿತ್ತು. ಬೀರೂರಿನಿಂದ ಶಿವಮೊಗ್ಗೆಗೆ ಕಂಬಿ ಹಾಕಿ ಮುಗಿಸಿದ್ದು 1899ರಲ್ಲಿ. ಅದಿರು ಮೊದಲು ಶಿವಮೊಗ್ಗೆ ಸೇರಬೇಕು, ಅಲ್ಲಿಂದ ರೈಲಿನಲ್ಲಿ ಬೀರೂರು, ಹುಬ್ಬಳ್ಳಿ, ಲೋಂಡಾ ದಾಟಿ ಮರ್ಮಗೋವಾ ಬಂದರು ಮುಟ್ಟಬೇಕು, ಅಲ್ಲಿ ಹಡಗು ಹತ್ತಬೇಕು. ಇಷ್ಟು ದೂರದಿಂದ ಕಪ್ಪು ಕಲ್ಲನ್ನು ತರಿಸಿಕೊಳ್ಳುವ ಗರಜು ಅವರಿಗೇನಿತ್ತು?

ಗರಜು ಉಕ್ಕಿನದು. ಬೆಸೆಮರ್ ಎಂಬಾತ 1856ರಲ್ಲಿ ಕಬ್ಬಿಣಕ್ಕೆ ಗಾಳಿಯೂದಿ ಉಕ್ಕು ಮಾಡುವ ಬಗೆಯನ್ನು ಲೋಕಕ್ಕೆ ತಿಳಿಸಿದಾಗ ಅವನ ಉಕ್ಕು ಬಡಿದರೆ ಬಿರಿಯುತ್ತಿತ್ತು. ಮ್ಯಾಂಗನೀಸು ಬೆರೆಸಿದರೆ ಅದು ಉಕ್ಕಿನೊಳಗಿನ ಆಮ್ಲಜನಕ, ಗಂಧಕಗಳ ಕಾಟವನ್ನು ಕಳೆಯುತ್ತದೆ, ಉಕ್ಕು ಗಟ್ಟಿಯಾಗುತ್ತದೆ ಎಂದು ಮಶೆಟ್ ಎಂಬವನು ತೋರಿಸಿಕೊಟ್ಟ. ಒಂದು ಟನ್ ಉಕ್ಕಿಗೆ ಬೇಕಾಗುವುದು ಕೆಲವೇ ಕಿಲೋಗ್ರಾಂ. ಆದರೆ ಅಷ್ಟಿಲ್ಲದಿದ್ದರೆ ಆಗದು. ಸಾರಿಗೆ ಉಪ್ಪು ಇದ್ದಂತೆ ಎನ್ನಬಹುದು. ಈ ಉಪ್ಪಿನ ಹೋಲಿಕೆಯನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಂಡಿರಬೇಕು. ಉಪ್ಪಿನ ಬೆಲೆ ಇಳಿಯಿತೆಂದು ಯಾರೂ ಸಾರಿಗೆ ಎರಡರಷ್ಟು ಉಪ್ಪು ಹಾಕುವುದಿಲ್ಲ; ಉಣ್ಣುವವರು ಕಡಮೆಯಾದರೆ ಉಪ್ಪು ತಾನಾಗಿ ಕಡಮೆ ಬೇಕಾಗುತ್ತದೆ.

ಆ ಕಾಲಕ್ಕೆ ಮ್ಯಾಂಗನೀಸಿಗೆ ಮುಖ್ಯ ಆಕರ ರಷ್ಯದ ಆಳ್ವಿಕೆಯಲ್ಲಿದ್ದ ಜಾರ್ಜಿಯಾದ ಚಿಯತುರಾ ಗಣಿಗಳು. 1905ರಲ್ಲಿ ರಷ್ಯದಲ್ಲಿ ಕ್ರಾಂತಿಯೆದ್ದು ಗಣಿ, ರೈಲು, ಬಂದರುಗಳಲ್ಲಿ ಮುಷ್ಕರಗಳಾದವು. ಅದಿರು ಹೊರಡಲಿಲ್ಲ. ಅದೇ ಹೊತ್ತಿಗೆ ಅಮೆರಿಕದಲ್ಲಿ ಉಕ್ಕಿಗೆ ಭರ್ಜರಿ ಬೇಡಿಕೆ. ಮ್ಯಾಂಗನೀಸಿನ ಧಾರಣೆ ನೆಗೆಯಿತು. ಭಾರತದ ಗಣಿಗಳು, ಅವುಗಳಲ್ಲಿ ನಮ್ಮ ಜಿಲ್ಲೆಯವೂ ಸೇರಿ, ಹಗಲಿರುಳು ದುಡಿದವು. 1907ರಲ್ಲಿ ದೇಶದ ಉತ್ಪತ್ತಿ ಸುಮಾರು 9 ಲಕ್ಷ ಟನ್ನಿಗೆ ಮುಟ್ಟಿತು. ಅದೇ ವರ್ಷದ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ನಿಕರ್‌ಬಾಕರ್ ಟ್ರಸ್ಟ್ ಎಂಬ ಲೇವಾದೇವಿ ಸಂಸ್ಥೆಯ ಬಾಗಿಲಿಗೆ ಠೇವಣಿದಾರರು ಮುಗಿಬಿದ್ದರು; ಅದು ಬಾಗಿಲು ಮುಚ್ಚಿತು; ಭೀತಿ ಬ್ಯಾಂಕಿನಿಂದ ಬ್ಯಾಂಕಿಗೆ ಹಬ್ಬಿತು. ಸಾಲ ಹುಟ್ಟದಿದ್ದರೆ ಸೇತುವೆ ಕಟ್ಟುವವರಿಲ್ಲ, ಹೊಸ ರೈಲು ಹಾಕುವವರಿಲ್ಲ. ಅಮೆರಿಕದ ಉಕ್ಕಿನ ಉತ್ಪತ್ತಿ 1907ರಲ್ಲಿ 2 ಕೋಟಿ 34 ಲಕ್ಷ ಟನ್ ಇದ್ದದ್ದು 1908ರಲ್ಲಿ 1 ಕೋಟಿ 40 ಲಕ್ಷಕ್ಕೆ ಕುಸಿಯಿತು. ನೂರಕ್ಕೆ ನಲವತ್ತು ಹೋಯಿತು. ಭಾರತದ ಮ್ಯಾಂಗನೀಸು ಆ ವರ್ಷ 7 ಲಕ್ಷ ಟನ್ನಿಗಿಂತ ಕೆಳಕ್ಕಿಳಿಯಿತು. ಪಿಟ್ಸ್‌ಬರ್ಗಿನ ಕುಲುಮೆ ತಣ್ಣಗಾದ ಸುದ್ದಿ ಮಲೆನಾಡಿನ ಗುಡ್ಡಕ್ಕೆ ಬಂದು ತಲಪಲು ಒಂದು ವರ್ಷವೂ ಬೇಕಾಗಲಿಲ್ಲ.

ವ್ಯಾಪಾರದ ಈ ಏರಿಳಿತಕ್ಕೆ ಅರ್ಥಶಾಸ್ತ್ರದಲ್ಲಿ ವಾಣಿಜ್ಯ ಚಕ್ರವೆಂದು ಹೆಸರು. ಪಂಡಿತನಾದ ನನಗೆ ಈ ‘ಚಕ್ರ’ ಎಂಬ ಶಬ್ದದ ಮೇಲೆ ಸ್ವಲ್ಪ ತಕರಾರಿದೆ. ಚಕ್ರವೆಂದರೆ ಒಂದೇ ವೇಗದಲ್ಲಿ ಸುತ್ತಿ ಹೊರಟಲ್ಲಿಗೇ ಬರಬೇಕು. ಇದು ಹಾಗಲ್ಲ, ಒಮ್ಮೆ ಹತ್ತು ವರ್ಷ ಏರುತ್ತದೆ, ಒಮ್ಮೆ ಮೂರೇ ವರ್ಷಕ್ಕೆ ಮಗುಚಿಕೊಳ್ಳುತ್ತದೆ. ಹೆಸರು ರೂಢಿಗೆ ಬಂದುಬಿಟ್ಟಿದೆ, ಇರಲಿ. ಚಕ್ರ ಇಳಿಮುಖವಾದಾಗ ಜನ ಅಕ್ಕಿ ಕೊಳ್ಳುವುದನ್ನು ಬಿಡುವುದಿಲ್ಲ. ಮನೆ, ಯಂತ್ರ, ಮೋಟಾರು ಇವನ್ನು ಮುಂದಕ್ಕೆ ಹಾಕುತ್ತಾರೆ. ಇವೆಲ್ಲ ಉಕ್ಕಿನ ಕೆಲಸಗಳೇ. ಆದ್ದರಿಂದ ಪೆಟ್ಟು ಮೊದಲು ಬೀಳುವುದು ಉಕ್ಕಿನ ಮೇಲೆ.

ಆದರೆ ದೂರದ ಗಣಿಗೆ ಬೀಳುವ ಪೆಟ್ಟು ಕುಲುಮೆಗೆ ಬಿದ್ದದ್ದಕ್ಕಿಂತ ಜೋರಾಗಿರುವುದೇಕೆ? ಇದನ್ನು ಹುಡುಗರಿಗೆ ಕಪ್ಪು ಹಲಗೆಯ ಮೇಲೆ ಲೆಕ್ಕ ಹಾಕಿ ತೋರಿಸಬೇಕಾಯಿತು. ಒಂದು ಕಾರ್ಖಾನೆಗೆ ತಿಂಗಳಿಗೆ ಹತ್ತು ಗಾಡಿ ಅದಿರು ಬೇಕೆನ್ನೋಣ. ದೂರದಿಂದ ಬರುವ ಸರಕಾದ್ದರಿಂದ ಮೂರು ತಿಂಗಳ ದಾಸ್ತಾನು, ಎಂದರೆ ಮೂವತ್ತು ಗಾಡಿ, ಯಾವಾಗಲೂ ಅಂಗಳದಲ್ಲಿರಬೇಕೆಂಬುದು ಅದರ ಪದ್ಧತಿ. ವ್ಯಾಪಾರ ಇಳಿದು ಖರ್ಚು ತಿಂಗಳಿಗೆ ಆರು ಗಾಡಿಗೆ ಬಂತು. ಈಗ ಮೂರು ತಿಂಗಳ ದಾಸ್ತಾನು ಎಂದರೆ ಹದಿನೆಂಟೇ ಗಾಡಿ. ಹನ್ನೆರಡು ಗಾಡಿ ಹೆಚ್ಚಾಗಿ ಬಿದ್ದಿದೆ. ಯಜಮಾನನು ಏನು ಮಾಡುತ್ತಾನೆ? ಎರಡು ತಿಂಗಳು ಗಣಿಯಿಂದ ಏನೂ ತರಿಸದೆ ಆ ಹನ್ನೆರಡನ್ನು ಕರಗಿಸುತ್ತಾನೆ. ಕಾರ್ಖಾನೆಯಲ್ಲಿ ಕೆಲಸ ಇಳಿದದ್ದು ನೂರಕ್ಕೆ ನಲವತ್ತು. ಗಣಿಯಲ್ಲಿ ನಿಂತದ್ದು ನೂರಕ್ಕೆ ನೂರು. ವ್ಯಾಪಾರ ಮತ್ತೆ ಚಿಗುರಿ ಖರ್ಚು ಹತ್ತಕ್ಕೆ ಬಂದಾಗ ಇದೇ ಲೆಕ್ಕ ತಿರುಗುಮುರುಗಾಗುತ್ತದೆ: ತಿಂಗಳ ಹತ್ತು, ದಾಸ್ತಾನು ತುಂಬಲು ಇನ್ನೂ ಹನ್ನೆರಡು, ಒಟ್ಟು ಇಪ್ಪತ್ತೆರಡು ಗಾಡಿ ಒಂದೇ ಉಸಿರಿಗೆ ಬೇಕು. ಆಗ ಗಣಿಯವನು ಸಿಕ್ಕಸಿಕ್ಕ ಕೂಲಿಯವರನ್ನೆಲ್ಲ ಕರೆಯುತ್ತಾನೆ, ಸುಗ್ಗಿ ಬಂದಿತೆಂದು ತಿಳಿಯುತ್ತಾನೆ. ಅದು ಒಂದು ತಿಂಗಳಿನ ಸುಗ್ಗಿ.

ಇದರ ಜೊತೆಗೆ ಬಾಡಿಗೆಯ ಲೆಕ್ಕ. ಇಂಗ್ಲೆಂಡಿನ ಬಂದರಿನಲ್ಲಿ ಅದಿರಿಗೆ ಮೂವತ್ತು ರೂಪಾಯಿ ಬೆಲೆಯೆಂದೂ, ಅದರಲ್ಲಿ ಇಪ್ಪತ್ತು ರೂಪಾಯಿ ರೈಲು ಹಡಗುಗಳ ಬಾಡಿಗೆಗೇ ಹೋಗುತ್ತದೆಂದೂ ಉದಾಹರಣೆಗೆ ಇಟ್ಟುಕೊಳ್ಳಿ. ಗಣಿಗೆ ಉಳಿಯುವುದು ಹತ್ತು. ಬೆಲೆ ಎಂಟು ರೂಪಾಯಿ ಇಳಿದರೆ ಬಂದರಿನಲ್ಲಿ ಅದು ಸುಮಾರು ಕಾಲುಭಾಗದ ಇಳಿತ. ಬಾಡಿಗೆ ಬೇಗ ಇಳಿಯುವ ವಸ್ತುವಲ್ಲ. ಗಣಿಯವನ ಕೈಗೆ ಹತ್ತರ ಬದಲು ಎರಡೇ ರೂಪಾಯಿ ಬರುತ್ತದೆ. ಮಧ್ಯಪ್ರಾಂತದ ಅದಿರಿಗಿಂತ ನಮ್ಮ ಜಿಲ್ಲೆಯದರಲ್ಲಿ ಮ್ಯಾಂಗನೀಸಿನ ಅಂಶ ಕಡಮೆ. ಅಷ್ಟೇ ಬಾಡಿಗೆ ಕೊಟ್ಟು ಕಡಮೆ ಸತ್ವದ ಕಲ್ಲನ್ನು ಸಾಗಿಸಬೇಕು. ಕಷ್ಟಕಾಲ ಬಂದರೆ ಇಂಥ ಗಣಿಗಳೇ ಮೊದಲು ನಿಲ್ಲುತ್ತವೆ. ಬೆಲೆ ಇಳಿಸಿ ಗಿರಾಕಿಯನ್ನು ಕರೆಯೋಣವೆಂದರೆ, ಉಪ್ಪಿನ ಮಾತು ಆಗಲೇ ಹೇಳಿದೆನಲ್ಲ.

1930ರ ಸುಮಾರಿನ ಜಗತ್ತಿನ ಮುಗ್ಗಟ್ಟಿನಲ್ಲಿ ಇದೇ ಕಥೆ ಇನ್ನೂ ದೊಡ್ಡ ಅಕ್ಷರಗಳಲ್ಲಿ ನಡೆಯಿತು. ಅಮೆರಿಕದ ಉಕ್ಕು 1929ರಲ್ಲಿ 5 ಕೋಟಿ 64 ಲಕ್ಷ ಟನ್. 1932ರಲ್ಲಿ 1 ಕೋಟಿ 37 ಲಕ್ಷ. ಭಾರತದ ಮ್ಯಾಂಗನೀಸು 1927ರಲ್ಲಿ 11 ಲಕ್ಷ ಟನ್ನಿಗೂ ಮಿಕ್ಕಿದ್ದದ್ದು 1932ರಲ್ಲಿ ಸುಮಾರು 2 ಲಕ್ಷಕ್ಕೆ ಬಂದು ನಿಂತಿತು. ಐದನೆಯ ಒಂದು ಪಾಲು! ಆ ವೇಳೆಗೆ ಚಿಯತುರಾ ಗಣಿಗಳೂ ಸೋವಿಯತ್ ಸರಕಾರದ ಕೈಯಲ್ಲಿ ಚೇತರಿಸಿಕೊಂಡಿದ್ದುದರಿಂದ ಪೈಪೋಟಿ ಬೇರೆ.

ಈಗ ಕುಂಸಿಯಿಂದ ಭದ್ರಾವತಿಗೆ ಬರೋಣ. ಬೆಂಕಿಪುರವೆಂದು ಹಿಂದೆ ಹೆಸರಿದ್ದ ಈ ಊರಿನಲ್ಲಿ ಮೈಸೂರು ಸರಕಾರದ ಕಬ್ಬಿಣದ ಕಾರ್ಖಾನೆ ಸ್ಥಾಪನೆಯಾಗಿ, 1923ರ ಜನವರಿಯಲ್ಲಿ ಊದುಕುಲುಮೆಗೆ ಬೆಂಕಿ ಬಿತ್ತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು. ಇದ್ದಿಲಿನ ಕಬ್ಬಿಣಕ್ಕೆ ಹೊರದೇಶಗಳಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ, ಒಳ್ಳೆಯ ಬೆಲೆ ಬರುತ್ತದೆಂಬ ಲೆಕ್ಕದ ಮೇಲೆ ಯೋಜನೆ ನಿಂತಿತ್ತು. ಆ ಲೆಕ್ಕ ಹಾಕಿದ್ದು ಮೊದಲ ಮಹಾಯುದ್ಧದ ಕಾಲದ ಏರುಧಾರಣೆಯಲ್ಲಿ. ಕಬ್ಬಿಣ ಹರಿದದ್ದು ಯುದ್ಧಾನಂತರದ ಇಳಿಧಾರಣೆಯಲ್ಲಿ. ಇದ್ದಿಲು ಸುಡುವಾಗ ದೊರೆಯುವ ಮರದ ಮದ್ಯಸಾರವನ್ನು ಮಾರಿ ನಷ್ಟ ತುಂಬೋಣವೆಂದರೆ, 1923ರಲ್ಲೇ ಜರ್ಮನಿಯವರು ಅದನ್ನು ಕಾರ್ಖಾನೆಯಲ್ಲಿ ಕೃತಕವಾಗಿ ತಯಾರಿಸಲು ತೊಡಗಿದರು. ಚಕ್ರದ ತುದಿಯಲ್ಲಿ ನಿಂತು ಯೋಜನೆ ಹಾಕುವುದು, ಬುಡದಲ್ಲಿ ಸರಕು ಮಾರುವುದು — ಬಡದೇಶದ ಉದ್ಯಮಗಳಿಗೆ ಇದು ಹಳೆಯ ಕಾಯಿಲೆ. ದೊಡ್ಡ ಕುಲುಮೆ ಕಟ್ಟುವುದಕ್ಕೆ ಐದಾರು ವರ್ಷ ಬೇಕು, ಚಕ್ರ ಅಷ್ಟು ದಿನ ಕಾಯುವುದಿಲ್ಲ.

ದಿವಾನಗಿರಿ ಬಿಟ್ಟಿದ್ದ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಸರಕಾರ ಮತ್ತೆ ಕರೆದು ಕಾರ್ಖಾನೆಯ ಆಡಳಿತವನ್ನು ಒಪ್ಪಿಸಿತು. ಖರ್ಚು ಕಡಮೆಯಾಯಿತು. ಆದರೆ ಕಾರ್ಖಾನೆಯನ್ನು ಉಳಿಸಿದ್ದು ಅದೊಂದೇ ಅಲ್ಲವೆಂದು ನನ್ನ ಅಭಿಪ್ರಾಯ. ಅದು ಗಿರಾಕಿಯನ್ನು ಬದಲಾಯಿಸಿತು. ಹೊರಗೆ ಹೋಗುತ್ತಿದ್ದ ಬೀಡುಕಬ್ಬಿಣವನ್ನು ಇಲ್ಲೇ ಕರಗಿಸಿ ನಮ್ಮ ಪಟ್ಟಣಗಳಿಗೆ ನೀರಿನ ಕೊಳವೆ ಎರಕ ಹೊಯ್ದರು. 1936ರಲ್ಲಿ ಉಕ್ಕಿನ ಘಟಕ ಬಂತು, ಕೆಲವು ವರ್ಷಗಳಲ್ಲಿ ಸಿಮೆಂಟೂ ಬಂತು. 1924ರಲ್ಲೇ ಭಾರತ ಸರಕಾರ ಹೊರಗಿನ ಉಕ್ಕಿನ ಮೇಲೆ ಸುಂಕ ಹಾಕಿತ್ತು. ಅಮೆರಿಕದ ಪೇಟೆಯನ್ನು ನಂಬಿ ಹುಟ್ಟಿದ ಕಾರ್ಖಾನೆ ಹೀಗೆ ಮನೆಯ ಪೇಟೆಯತ್ತ ಮುಖ ತಿರುಗಿಸಿತು.

ಸ್ವಾತಂತ್ರ್ಯದ ಮೇಲೆ ಇಡೀ ದೇಶವೇ ಹೆಚ್ಚು ಕಡಮೆ ಹಾಗೆ ಮಾಡಿತು. ಹಾಗಾದರೆ ಏರಿಳಿತ ನಿಂತಿತೆ? ಇಲ್ಲ, ಅದರ ಯಜಮಾನ ಬದಲಾದ, ಅಷ್ಟೆ. ನ್ಯೂಯಾರ್ಕಿನ ಬದಲು ಮಳೆರಾಯ. 1965 ಮತ್ತು 1966ರಲ್ಲಿ ಸಾಲಾಗಿ ಬರ ಬಿದ್ದಾಗ ಸರಕಾರ ಯೋಜನೆಯ ಖರ್ಚು ಕತ್ತರಿಸಿತು, ರೈಲ್ವೆ ವ್ಯಾಗನ್ನುಗಳ ಬೇಡಿಕೆ ಇಳಿಯಿತು, ಉಕ್ಕು ಯಂತ್ರಗಳ ಕಾರ್ಖಾನೆಗಳು ಅರೆಕೆಲಸದಲ್ಲಿ ಕುಳಿತವು. 1979–80ರ ಬರದಲ್ಲಿ ದೇಶದ ಒಟ್ಟು ಉತ್ಪನ್ನವೇ ಶೇಕಡ 5ರಷ್ಟು ಕುಗ್ಗಿತು. ಅಮೆರಿಕದಲ್ಲಿ ಸುಭಿಕ್ಷವಿದ್ದ ವರ್ಷ ನಮ್ಮಲ್ಲಿ ಮುಗ್ಗಟ್ಟು, ಅಲ್ಲಿ ಮುಗ್ಗಟ್ಟಿದ್ದ ವರ್ಷ ನಮ್ಮಲ್ಲಿ ಒಳ್ಳೆಯ ಮಳೆ: ಹೀಗೂ ಆಗುತ್ತಿತ್ತು.

1991ರ ಸುಧಾರಣೆಗಳ ಮೇಲೆ ಬಾಗಿಲು ತೆರೆಯಿತು. ಆಮದು ರಫ್ತುಗಳ ಮೊತ್ತ 1990ರಲ್ಲಿ ದೇಶದ ಉತ್ಪನ್ನದ ಆರನೆಯ ಒಂದು ಪಾಲಿನಷ್ಟಿದ್ದದ್ದು 2008ರ ವೇಳೆಗೆ ಅರ್ಧವನ್ನು ದಾಟಿತು. ಚೀನ, ಭಾರತ ಮೊದಲಾದ ದೇಶಗಳು ವರ್ಷವರ್ಷವೂ ವೇಗವಾಗಿ ಬೆಳೆದವು. ಇನ್ನು ಮುಂದೆ ಅಮೆರಿಕಕ್ಕೆ ನೆಗಡಿಯಾದರೂ ನಮಗೆ ಸೀನು ಬಾರದು, ಕೊಂಡಿ ಕಳಚಿತು ಎಂದು 2007ರಲ್ಲಿ ಹಲವರು ಹೇಳತೊಡಗಿದರು. ಅಯ್ಹಾನ್ ಕೋಸೆ, ಕ್ರಿಸ್ಟೋಫರ್ ಆಟ್ರಾಕ್, ಈಶ್ವರ ಪ್ರಸಾದ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 106 ದೇಶಗಳ 1960ರಿಂದ 2005ರವರೆಗಿನ ಅಂಕಿಗಳನ್ನು ಪರಿಶೀಲಿಸಿ 2008ರಲ್ಲಿ ಒಂದು ಪ್ರಬಂಧ ಹೊರತಂದರು. ಮುಂದುವರಿದ ದೇಶಗಳು ತಮ್ಮತಮ್ಮೊಳಗೆ ಹೆಚ್ಚು ಒಟ್ಟಾಗಿ ಏರಿಳಿಯುತ್ತವೆ, ಮುಂದುವರಿಯುತ್ತಿರುವ ದೇಶಗಳು ತಮ್ಮತಮ್ಮೊಳಗೆ. ಇಡೀ ಜಗತ್ತಿಗೆ ಸಾಮಾನ್ಯವಾದ ಅಲೆಯ ಪ್ರಭಾವ ಹಿಂದಿಗಿಂತ ತಗ್ಗಿದೆ ಎಂದು ಅವರಿಗೆ ಕಂಡಿತು. ಅಂಕಿಗಳು ಸುಳ್ಳಾಗಿರಲಿಲ್ಲ. ಆದರೆ ಅದೇ ವರ್ಷ ಲೀಮನ್ ಬ್ರದರ್ಸ್ ಬಿತ್ತು.

ಬಿದ್ದದ್ದೇ ತಡ, 1907ರ ಕಥೆ ಹೊಸ ವೇಷ ತೊಟ್ಟು ಬಂತು. ಈ ಸಲ ದಾರಿ ಸ್ವಲ್ಪ ಬಳಸಿ ಬಂತು. ಬಳ್ಳಾರಿ, ಹೊಸಪೇಟೆಗಳ ಕಬ್ಬಿಣದ ಅದಿರು ಹೋಗುತ್ತಿದ್ದುದು ಚೀನಕ್ಕೆ. ಚೀನದ ಕಾರ್ಖಾನೆಗಳು ಅದನ್ನು ಉಕ್ಕು ಮಾಡಿ, ಉಕ್ಕಿನಿಂದ ಯಂತ್ರ, ಪಾತ್ರೆ, ಸಾಮಾನು ಮಾಡಿ ಅಮೆರಿಕ ಯೂರೋಪುಗಳಿಗೆ ಮಾರುತ್ತಿದ್ದವು. ಅಲ್ಲಿ ಕೊಳ್ಳುವವರು ಕೈ ಬಿಗಿಹಿಡಿದಾಗ ಚೀನ ಅಂಗಳದ ದಾಸ್ತಾನನ್ನು ಕರಗಿಸತೊಡಗಿತು. 2008ರ ಆರಂಭದಲ್ಲಿದ್ದ ಅದಿರಿನ ಬೆಲೆ ವರ್ಷದ ಕೊನೆಗೆ ಸುಮಾರು ಮೂರನೆಯ ಒಂದು ಪಾಲಿಗೆ ಇಳಿಯಿತು. ನನ್ನ ಹುಡುಗನ ತಂದೆಯ ಲಾರಿ ನಿಂತದ್ದು ಹೀಗೆ. ನಮ್ಮ ಸರಕನ್ನು ಅಮೆರಿಕದವರು ನೇರವಾಗಿ ಕೊಳ್ಳುತ್ತಿರಲಿಲ್ಲವೆಂಬುದು ನಿಜ. ಆದರೂ ನಮ್ಮ ಗಿರಾಕಿಯ ಗಿರಾಕಿ ಅವರೇ ಆಗಿದ್ದರು. ಆ ನವೆಂಬರಿನಲ್ಲಿ ಚೀನ ಸರಕಾರ 4 ಲಕ್ಷ ಕೋಟಿ ಯುವಾನಿನ ಕಾಮಗಾರಿಗಳನ್ನು ಸಾರಿದ ಮೇಲೆ ಅದಿರಿಗೆ ಮತ್ತೆ ಕಳೆ ಬಂತು, ಲಾರಿಗಳು ಓಡಿದವು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ತಡೆದದ್ದು ಬೇರೆ ಕಾರಣಕ್ಕೆ. ಅದನ್ನು ಈ ಲೆಕ್ಕಕ್ಕೆ ಸೇರಿಸಬಾರದು.

ಹಾಗಾದರೆ ಕೊಂಡಿ ಕಳಚಿತೆಂದವರು ಪೂರ್ತಿ ತಪ್ಪಿದರೆ? ಎರಡು ಮಾತುಗಳು ಇಲ್ಲಿ ಕಲಸಿಹೋಗಿದ್ದವು. 2009ರಲ್ಲಿ ಮುಂದುವರಿದ ದೇಶಗಳ ಒಟ್ಟು ಉತ್ಪನ್ನ ಶೇಕಡ 3ಕ್ಕಿಂತ ಹೆಚ್ಚು ಕುಗ್ಗಿತು; ಮುಂದುವರಿಯುತ್ತಿರುವ ದೇಶಗಳು ಒಟ್ಟಿನಲ್ಲಿ ಬೆಳೆಯುತ್ತಲೇ ಇದ್ದವು. ಆದರೆ ಅವುಗಳ ಬೆಳವಣಿಗೆಯೂ ಎರಡು ವರ್ಷದ ಹಿಂದಿನದರ ಅರ್ಧಕ್ಕಿಂತ ಕೆಳಗೆ ಬಂದಿತ್ತು. ಇಬ್ಬರು ಜೊತೆಯಾಗಿ ಘಟ್ಟ ಹತ್ತುವಾಗ ಒಬ್ಬ ಮೇಲೆ, ಒಬ್ಬ ಕೆಳಗೆ ಇರಬಹುದು. ನಡುವೆ ಹಗ್ಗ ಕಟ್ಟಿಕೊಂಡಿದ್ದರೆ ಒಬ್ಬ ಜಾರಿದಾಗ ಇನ್ನೊಬ್ಬನಿಗೂ ಜಗ್ಗುತ್ತದೆ.

ಸರಕಿನ ಹಗ್ಗ ಒಂದು. ಹಣದ ಹಗ್ಗ ಇನ್ನೊಂದು. ಇದು ತೆಳು, ಆದರೆ ಬೇಗ ಜಗ್ಗುತ್ತದೆ. 2013ರ ಮೇ ತಿಂಗಳಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಿನ ಅಧ್ಯಕ್ಷ ಬರ್ನಾಂಕಿಯವರು, ಪೇಟೆಗೆ ಧಾರಾಳವಾಗಿ ಹಣ ಹರಿಸುವುದನ್ನು ಮುಂದೆ ಕಡಮೆ ಮಾಡಬಹುದು ಎಂದು ಸೂಚಿಸಿದರು. ಕಡಮೆ ಮಾಡಿರಲಿಲ್ಲ, ಮಾಡಬಹುದು ಎಂದದ್ದಷ್ಟೇ. ಅಲ್ಲಿ ಬಡ್ಡಿ ಏರುತ್ತದೆಂದು ಎಣಿಸಿ ಹೂಡಿಕೆದಾರರು ನಮ್ಮಂಥ ದೇಶಗಳಿಂದ ಹಣ ವಾಪಸು ತೆಗೆದರು. ಮೇ ಮೊದಲಲ್ಲಿ ಡಾಲರಿಗೆ 54–55 ರೂಪಾಯಿ ಇದ್ದದ್ದು ಆಗಸ್ಟ್ ಕೊನೆಗೆ 68ಕ್ಕೆ ಹೋಯಿತು. ಹೊರಗಿನಿಂದ ತರಿಸುವ ಎಣ್ಣೆ, ಕೋಕಿಂಗ್ ಕಲ್ಲಿದ್ದಲು ಎಲ್ಲವೂ ದುಬಾರಿ. ಅದಿರಿನ ಹಡಗಿಗೆ ತಿಂಗಳು ಹಿಡಿದರೆ ಈ ಸುದ್ದಿಗೆ ಒಂದು ರಾತ್ರಿ ಸಾಕಾಯಿತು.

ರೇಡಿಯೋದಲ್ಲಿ ಅಡಕೆ ಧಾರಣೆ ಕೇಳುವ ಮನೆಗಳವರು, ನಮ್ಮ ಅಡಕೆಗೂ ಇದೇ ಗತಿಯೇ ಎಂದು ಕೇಳಿಯಾರು. ಅಡಕೆ ಬಹುಮಟ್ಟಿಗೆ ಈ ದೇಶದಲ್ಲೇ ಬೆಳೆದು ಈ ದೇಶದಲ್ಲೇ ತಿಂದು ಮುಗಿಯುವ ವಸ್ತು. ನ್ಯೂಯಾರ್ಕಿನ ಮುಗ್ಗಟ್ಟು ಅದಕ್ಕೆ ನೇರವಾಗಿ ತಟ್ಟದು. ಅದರ ಭಯ ಹೊರಗಿನ ಅಗ್ಗದ ಅಡಕೆಯದು. ಅದಕ್ಕೇ 2023ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರ ಆಮದಿನ ಕನಿಷ್ಠ ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು.

ಉಕ್ಕಿಗೂ ಇಂಥದೇ ಬೇಲಿ ಹಾಕಬೇಕಾಗಿ ಬಂದಿತ್ತು. ಚೀನದ ಕಟ್ಟಡ ಕೆಲಸಗಳು ನಿಧಾನವಾದಾಗ ಅಲ್ಲಿ ಮಿಕ್ಕಿದ ಉಕ್ಕು ಜಗತ್ತಿನ ಪೇಟೆಗಳಿಗೆ ನುಗ್ಗಿತು. 2016ರ ಫೆಬ್ರುವರಿಯಲ್ಲಿ ಭಾರತ ಸರಕಾರ ಉಕ್ಕಿನ ಆಮದಿಗೆ ಕನಿಷ್ಠ ಬೆಲೆ ಗೊತ್ತುಮಾಡಿತು. ಅದೇ ವರ್ಷ ಅಕ್ಟೋಬರಿನಲ್ಲಿ ಭದ್ರಾವತಿಯ ಕಾರ್ಖಾನೆಯನ್ನು ಖಾಸಗಿಯವರಿಗೆ ಮಾರಲು ತಾತ್ತ್ವಿಕ ಒಪ್ಪಿಗೆಯಾಯಿತು. ವಿಶ್ವೇಶ್ವರಯ್ಯನವರ ಹೆಸರು ಹೊತ್ತು 1998ರಿಂದ ಭಾರತೀಯ ಉಕ್ಕು ಪ್ರಾಧಿಕಾರದೊಳಗೆ ಸೇರಿದ್ದ ಕಾರ್ಖಾನೆಯದು. ಕೊಳ್ಳುವವರು ಗಟ್ಟಿಯಾಗಲಿಲ್ಲ. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ, ಕಾರ್ಮಿಕರ ಧರಣಿ, ಆಗಸ್ಟಿನಲ್ಲಿ ಸರಳು ಎಳೆಯುವ ಗಿರಣಿಯ ಮರುಚಾಲನೆ, ಇವೆಲ್ಲ ಈ ಜಿಲ್ಲೆಯವರು ಕಣ್ಣಾರೆ ಕಂಡದ್ದು. ಎಲ್ಲ ಪಾಪವನ್ನೂ ಜಗತ್ತಿನ ಚಕ್ರದ ತಲೆಗೆ ಕಟ್ಟುವುದು ಸರಿಯಲ್ಲ. ಸ್ವಂತ ಅದಿರಿನ ಗಣಿ ನಡೆಯದೆ ಹೋದದ್ದು, ಹಳೆಯ ಯಂತ್ರಗಳು, ಬಾರದ ಹೊಸ ಬಂಡವಾಳ ಇವು ಮನೆಯೊಳಗಿನ ಕಾರಣಗಳು. ಆದರೆ ಬಲವಾದ ಕಾರ್ಖಾನೆ ತಡೆದುಕೊಳ್ಳುವ ಇಳಿಮುಖವನ್ನು ಬಡಕಲಾದದ್ದು ತಡೆಯಲಾರದು.

ಇನ್ನು ವರ್ಕಿಂಗ್ಟನ್ ಏನಾಯಿತು? ಕುಂಸಿಯ ಗುಡ್ಡ ಅಗೆಸಿದ ಆ ಕಂಪನಿ ಮೊದಲ ಮಹಾಯುದ್ಧದ ಬೆನ್ನಿಗೇ ಯುನೈಟೆಡ್ ಸ್ಟೀಲ್ ಎಂಬ ದೊಡ್ಡ ಕೂಟದಲ್ಲಿ ಸೇರಿತು. ಬ್ರಿಟನ್ನಿನ ಕೊನೆಯ ಬೆಸೆಮರ್ ಕುಲುಮೆ ಅಲ್ಲಿ ಆರಿದ್ದು 1974ರಲ್ಲಿ, ಕೊನೆಯ ರೈಲುಕಂಬಿ ಹೊರಬಂದದ್ದು 2006ರಲ್ಲಿ. ಆಗ ಅದರ ಒಡೆತನ ಕೋರಸ್ ಎಂಬ ಕಂಪನಿಯದು. ಮರುವರ್ಷ, 2007ರಲ್ಲಿ, ಆ ಕೋರಸ್ಸನ್ನೇ ನಮ್ಮ ಟಾಟಾದವರು 600 ಕೋಟಿ ಪೌಂಡಿಗೂ ಹೆಚ್ಚು ತೆತ್ತು ಕೊಂಡರು. ಪೇಟೆ ಏರಿದ್ದ ಕಾಲ. ಒಂದೂವರೆ ವರ್ಷದೊಳಗೆ ಲೀಮನ್ ಬಿದ್ದು, ಯೂರೋಪಿನಲ್ಲಿ ಉಕ್ಕು ಕೇಳುವವರಿಲ್ಲದೆ ಹೋಗಿ, ಅಲ್ಲಿನ ನಷ್ಟ ಭಾರತದ ಕಂಪನಿಯ ಲೆಕ್ಕಪುಸ್ತಕಕ್ಕೆ ಬಂದು ಕುಳಿತಿತು. ಹಿಂದೆ ಇಂಗ್ಲೆಂಡಿನವರು ಇಲ್ಲಿ ಗಣಿ ಇಟ್ಟುಕೊಂಡಿದ್ದಾಗ ಅವರ ಇಳಿಮುಖ ನಮ್ಮ ಕೂಲಿಯವರಿಗೆ ತಟ್ಟುತ್ತಿತ್ತು. ಈಗ ವೇಲ್ಸಿನ ಪೋರ್ಟ್ ಟಾಲ್ಬಟ್ಟಿನಲ್ಲಿ, ಟಾಟಾ ಕಂಪನಿಯ ಕೊನೆಯ ಊದುಕುಲುಮೆ 2024ರ ಸೆಪ್ಟೆಂಬರ್ 30ರಂದು ಆರಿದಾಗ, ಕೆಲಸ ಕಳೆದುಕೊಂಡ ಅಲ್ಲಿನ ಮನೆಗಳ ಮಕ್ಕಳು ತಮ್ಮ ಮೇಷ್ಟರನ್ನು ಮುಂಬಯಿಯ ಬಗ್ಗೆ ಕೇಳಿರಬೇಕು.